ಒಂಬತ್ತು ತಿಂಗಳ ಸಂಬಳ, ಹನ್ನೆರಡು ತಿಂಗಳ ಕೆಲಸ

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಪಿಎಚ್‌.ಡಿ. ಮುಗಿಸಿ, ಅಲ್ಲಿಯದೇ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರುವವಳಿದ್ದಾಳೆ. ಆಫರ್ ಲೆಟರ್‌ನಲ್ಲಿ ‘ಒಂಬತ್ತು ತಿಂಗಳಿಗೆ 90,000 ಡಾಲರ್’ ಎಂದು ಬರೆದಿದ್ದಾರೆ. ಉಳಿದ ಮೂರು ತಿಂಗಳಿಗೆ ಅವಳ ಗತಿ ಏನು? ಅವಳ ಜೊತೆ ಓದಿದ ಹುಡುಗನಿಗೆ ಒಂದು ಮೆಡಿಕಲ್ ಕಾಲೇಜಿನವರು ಹನ್ನೆರಡು ತಿಂಗಳಿಗೆ 1,05,000 ಡಾಲರ್ ಕೊಟ್ಟಿದ್ದಾರಂತೆ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು. ಒಂಬತ್ತು ತಿಂಗಳ ನೌಕರಿ ಅಂತ ಒಂದಿದೆ ಎನ್ನುವುದನ್ನೇ ಕೇಳಿರಲಿಲ್ಲ. ಮಗಳನ್ನು ಕೇಳಿದರೆ ‘ಇಲ್ಲಿ ಎಲ್ಲರಿಗೂ ಹಾಗೇ ಅಪ್ಪಾ’ ಎಂದು ಮಾತು ಮುಗಿಸುತ್ತಾಳೆ. ನನ್ನ ಹೆಂಡತಿಯ ಪ್ರಶ್ನೆಯೇ ಬೇರೆ: ಹಾಗಾದರೆ ಆ ಮೂರು ತಿಂಗಳು ಊರಿಗೆ ಬಂದು ಇರಬಹುದಲ್ಲ?
— ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ

ಉತ್ತರ: ಮೊದಲು ಮನಸ್ಸು ನಿರಾಳ ಮಾಡಿಕೊಳ್ಳಿ. ಒಂಬತ್ತು ತಿಂಗಳು ಎಂದಿರುವುದು ಸಂಬಳದ ಲೆಕ್ಕ. ಮೇ ತಿಂಗಳಲ್ಲಿ ಅವಳನ್ನು ಮನೆಗೆ ಕಳಿಸಿ ಆಗಸ್ಟ್‌ನಲ್ಲಿ ಹೊಸದಾಗಿ ಕರೆಯುವುದಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಟೆನ್ಯೂರ್, ಅಂದರೆ ಕಾಯಂ ನೌಕರಿಯ ದಾರಿಯಲ್ಲಿರುವ ಅಧ್ಯಾಪಕರಲ್ಲಿ ಬಹುಪಾಲು ಜನ ಇಂಥ ನೇಮಕದಲ್ಲೇ ಇರುತ್ತಾರೆ. ನಿಮ್ಮ ಮಗಳು ಹೇಳಿದ್ದು ಸರಿಯಾಗಿಯೇ ಇದೆ. ಅವಳು ಹೇಳದೆ ಬಿಟ್ಟದ್ದರಲ್ಲಿ ಸ್ವಾರಸ್ಯ ಇರುವುದು.

ಆಫರ್ ಲೆಟರ್‌ನಲ್ಲಿ ಎರಡು ಅವಧಿಗಳು ಇರುತ್ತವೆ, ಓದುವವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಕೆಲಸ ಮಾಡಬೇಕಾದ ಅವಧಿ ಒಂದು, ಸಂಬಳ ಕೈಗೆ ಬರುವ ಅವಧಿ ಇನ್ನೊಂದು. ಉದಾಹರಣೆಗೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೆಲಸದ ಅವಧಿ ಆಗಸ್ಟ್ 16ರಿಂದ ಮೇ 15ರವರೆಗೆ. ಆದರೆ ಆ ಒಂಬತ್ತು ತಿಂಗಳ ಸಂಬಳವನ್ನು ಹನ್ನೆರಡು ಕಂತು ಮಾಡಿ ವರ್ಷಪೂರ್ತಿ ಕೊಡುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲೂ ಒಂಬತ್ತು ತಿಂಗಳ ಸೇವೆಗೆ ಹನ್ನೆರಡು ಪಾವತಿ. ಇನ್ನು ಕೆಲವೆಡೆ ಒಂಬತ್ತೇ ಕಂತಿನಲ್ಲಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಬೇಸಿಗೆಗೆ ಉಳಿಸಿಟ್ಟುಕೊಳ್ಳುವುದು ಅವರವರ ಜವಾಬ್ದಾರಿ. ಹಲವು ಕಡೆ ಆಯ್ಕೆಯನ್ನು ನೌಕರರಿಗೇ ಬಿಡುತ್ತಾರೆ. ಆಗ ತೆರಿಗೆ ನಿಯಮದ ಕಾರಣಕ್ಕೆ, ಸಾಮಾನ್ಯವಾಗಿ ಆ ಶೈಕ್ಷಣಿಕ ವರ್ಷ ಶುರುವಾಗುವ ಮೊದಲೇ ಬರೆದುಕೊಡಬೇಕು. ನಡುವೆ ಮನಸ್ಸು ಬದಲಿಸುವಂತಿಲ್ಲ.

ನೀವು ಬ್ಯಾಂಕಿನವರು, ಲೆಕ್ಕ ನೋಡಿ. 90,000ವನ್ನು ಒಂಬತ್ತು ಕಂತು ಮಾಡಿದರೆ ತಿಂಗಳಿಗೆ 10,000. ಹನ್ನೆರಡು ಕಂತು ಮಾಡಿದರೆ 7,500. ಎರಡನೆಯ ರೀತಿಯಲ್ಲಿ ವಿಶ್ವವಿದ್ಯಾಲಯ ಪ್ರತಿ ತಿಂಗಳೂ 2,500 ಡಾಲರ್ ಹಿಡಿದಿಟ್ಟು, ಮೇ ಹೊತ್ತಿಗೆ 22,500 ಕೂಡಿಸಿ, ಬೇಸಿಗೆಯ ಮೂರು ತಿಂಗಳಲ್ಲಿ ಅವಳದೇ ದುಡ್ಡನ್ನು ಅವಳಿಗೆ ವಾಪಸ್ ಕೊಡುತ್ತದೆ, ಬಡ್ಡಿಯಿಲ್ಲದೆ. ಇದೊಂದು ಬಡ್ಡಿರಹಿತ ಆರ್‌ಡಿ ಎಂದು ನಿಮ್ಮ ಕಣ್ಣಿಗೆ ಬೀಳದೆ ಇರದು. ಆದರೂ ಹೊಸದಾಗಿ ಸೇರಿದವರು ಹನ್ನೆರಡು ಕಂತನ್ನೇ ಆರಿಸಿಕೊಳ್ಳುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಜೂನ್, ಜುಲೈಯಲ್ಲೂ ಮನೆ ಬಾಡಿಗೆ ಕಟ್ಟಬೇಕಲ್ಲ.

ಆರೋಗ್ಯ ವಿಮೆ ಬೇಸಿಗೆಯಲ್ಲಿ ನಿಂತುಹೋಗುತ್ತದೆಯೇ ಎನ್ನುವ ಭಯ ಬಹಳ ಜನಕ್ಕೆ. ಹಾಗಾಗುವುದಿಲ್ಲ. ಒಂಬತ್ತೇ ಕಂತಿನಲ್ಲಿ ಸಂಬಳ ಕೊಡುವಲ್ಲಿ ಬೇಸಿಗೆಯ ಮೂರು ತಿಂಗಳ ಪ್ರೀಮಿಯಮ್ಮನ್ನು ಮೊದಲೇ, ಹೆಚ್ಚಾಗಿ ಜನವರಿಯಿಂದ ಮೇವರೆಗಿನ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಜನವರಿಯ ಪೇ ಸ್ಲಿಪ್ಪಿನಲ್ಲಿ ವಿಮೆಯ ಕಡಿತ ಇದ್ದಕ್ಕಿದ್ದಂತೆ ಜಾಸ್ತಿಯಾದದ್ದನ್ನು ಕಂಡು ಹೊಸಬರು ಅಕೌಂಟ್ಸ್ ವಿಭಾಗಕ್ಕೆ ಓಡುವುದು ಅಲ್ಲಿ ಮಾಮೂಲು.

ವೀಸಾ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಎಚ್‌-1ಬಿ ಎಂಬ ಉದ್ಯೋಗ ವೀಸಾದವರನ್ನು ಕೆಲಸವಿಲ್ಲವೆಂದು ಸಂಬಳವಿಲ್ಲದೆ ಕೂರಿಸುವ ಹಾಗಿಲ್ಲ ಎಂಬ ನಿಯಮವನ್ನು ಅಮೆರಿಕ 1998ರಲ್ಲಿ ಕಾನೂನಿಗೆ ಸೇರಿಸಿತು. ‘ಬೆಂಚ್ ಮೇಲೆ ಇದ್ದಾನೆ’ ಎಂಬ ಮಾತು ಬೆಂಗಳೂರಿನ ಐಟಿ ಮನೆಗಳಿಗೆಲ್ಲ ಗೊತ್ತು. ಆ ಬೆಂಚಿನ ಸಲುವಾಗಿ ಬಂದ ನಿಯಮ ಅದು. ಹಾಗಿದ್ದರೆ ಮೂರು ತಿಂಗಳು ಸಂಬಳ ಬಾರದ ಪ್ರೊಫೆಸರ್ ಕಥೆ ಏನು ಎಂಬ ಪ್ರಶ್ನೆ ಆಗಲೇ ಎದ್ದಿರಬೇಕು. ಅದೇ ಕಾನೂನಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಇದೆ: ವರ್ಷದ ಸಂಬಳವನ್ನು ಹನ್ನೆರಡಕ್ಕಿಂತ ಕಡಿಮೆ ತಿಂಗಳಲ್ಲಿ ಕೊಡುವುದು ಆ ಸಂಸ್ಥೆಯ ರೂಢಿಯಾಗಿದ್ದು, ಅಮೆರಿಕನ್ನರಿಗೂ ಹಾಗೆಯೇ ಕೊಡುತ್ತಿದ್ದು, ಸೇರುವ ಮೊದಲೇ ನೌಕರರು ಒಪ್ಪಿದ್ದರೆ ಅಡ್ಡಿಯಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಪೇ ಸ್ಲಿಪ್ ಬಾರದಿದ್ದರೂ ಅವಳ ವೀಸಾಕ್ಕೆ ಏನೂ ಆಗದು.

ಇಷ್ಟು ವ್ಯವಹಾರದ ಮಾತಾಯಿತು. ಈಗ ಅಸಲಿಗೆ ಬರೋಣ: ಆ ಮೂರು ತಿಂಗಳು ಯಾರವು?

ಕರಾರಿನ ಪ್ರಕಾರ ಅವಳವು. ಮೇ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಪಾಠ ಮಾಡು, ಸಮಿತಿ ಸಭೆಗೆ ಬಾ, ಪರೀಕ್ಷೆ ನಡೆಸು ಎಂದು ವಿಭಾಗ ಮುಖ್ಯಸ್ಥರು ಹುಕುಂ ಮಾಡುವಂತಿಲ್ಲ. ನಿಮ್ಮ ಕಡೆಯ ಭಾಷೆಯಲ್ಲೇ ಹೇಳುವುದಾದರೆ, ಗದ್ದೆಯನ್ನು ಮುಂಗಾರಿಗೆ ಮಾತ್ರ ಗುತ್ತಿಗೆಗೆ ಕೊಟ್ಟ ಹಾಗೆ; ಬೇಸಿಗೆ ಬೆಳೆ ನಿಮ್ಮದೇ, ಆದರೆ ಭದ್ರಾ ನಾಲೆಯಲ್ಲಿ ನೀರು ಬಂದರೆ ತಾನೇ ಬೆಳೆ? ಆ ನೀರನ್ನು ಅವಳೇ ತಂದುಕೊಳ್ಳಬೇಕು. ಅಮೆರಿಕದ ಪ್ರೊಫೆಸರ್‌ಗಳ ಬದುಕಿನ ಅರ್ಧ ಒದ್ದಾಟ ಇದರಲ್ಲೇ ಇದೆ.

ಏಕೆಂದರೆ ರಜೆ ಎಂದು ಸುಮ್ಮನೆ ಕೂತರೆ ನಡೆಯುವುದಿಲ್ಲ. ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿದವರನ್ನು ಸುಮಾರು ಆರನೇ ವರ್ಷದಲ್ಲಿ ಟೆನ್ಯೂರ್‌ಗಾಗಿ ತೂಗುತ್ತಾರೆ. ಪರೀಕ್ಷಾವಧಿ ಏಳು ವರ್ಷ ಮೀರಬಾರದು ಎಂದು ಅಲ್ಲಿನ ಪ್ರಾಧ್ಯಾಪಕರ ಸಂಘ ಎಎಯುಪಿ 1940ರಲ್ಲೇ ಹೇಳಿತು. ಇವತ್ತಿಗೂ ಬಹುತೇಕ ಅದೇ ಚೌಕಟ್ಟು. ತೂಗುವಾಗ ನೋಡುವುದು ಏನನ್ನು? ಪ್ರಬಂಧಗಳೆಷ್ಟು, ಪುಸ್ತಕ ಬಂತೇ, ಅನುದಾನ ತಂದಳೇ ಎಂಬುದನ್ನು. ಎರಡು ಕೋರ್ಸು, ಉತ್ತರಪತ್ರಿಕೆ, ಶಿಫಾರಸು ಪತ್ರ, ಸಭೆಗಳ ನಡುವೆ ಸೆಮಿಸ್ಟರ್‌ನಲ್ಲಿ ಇವು ಆಗುವ ಕೆಲಸವಲ್ಲ. ಆಗುವುದು ಬೇಸಿಗೆಯಲ್ಲಿ. ಅಂದರೆ ಸಂಬಳ ಕೊಡದ ತಿಂಗಳುಗಳಲ್ಲಿ ಮಾಡಿದ ಕೆಲಸವನ್ನು ನೋಡಿ ನೌಕರಿ ಉಳಿಸುತ್ತಾರೆ ಅಥವಾ ಕಳೆಯುತ್ತಾರೆ. ಈ ಕರಾರಿನಲ್ಲಿ ನನಗೆ ತೀರಾ ಇರುಸುಮುರುಸು ಎನಿಸುವ ಅಂಶ ಇದೇ. ಸ್ವಾತಂತ್ರ್ಯ ಎಂದು ಹೆಸರಿಟ್ಟು ಕೆಲಸ ಮಾಡಿಸಿಕೊಳ್ಳುವ ಕಲೆ ನಮ್ಮಲ್ಲೂ ಇದೆ ಬಿಡಿ.

ಮೇ ಮಧ್ಯದಲ್ಲಿ ಘಟಿಕೋತ್ಸವ ಮುಗಿದ ಮರುದಿನ ಅಲ್ಲಿನ ವಿಶ್ವವಿದ್ಯಾಲಯದ ಊರೊಂದಕ್ಕೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಹಾಸ್ಟೆಲ್ಲುಗಳ ಮುಂದೆ ಹಳೇ ಸೋಫಾ, ಪುಟ್ಟ ಫ್ರಿಜ್ಜು ರಾಶಿ ಬಿದ್ದಿರುತ್ತವೆ. ಊಟದ ಹಾಲ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದವಕ್ಕೆ ಬೀಗ. ವರ್ಷವೆಲ್ಲ ಜಾಗ ಸಿಗದ ಪಾರ್ಕಿಂಗ್‌ನಲ್ಲಿ ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಬಹುದು. ಆದರೆ ಪ್ರಯೋಗಾಲಯಗಳಿರುವ ಕಟ್ಟಡದ ಒಳಗೆ ಹೋದರೆ ಎಂದಿನಂತೆಯೇ ಜನ: ಪಿಎಚ್‌.ಡಿ. ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು, ಕರಾರಿನ ಪ್ರಕಾರ ನಿನ್ನೆಗೇ ಕೆಲಸ ಮುಗಿದ ಪ್ರೊಫೆಸರ್.

ಈ ಒಂಬತ್ತರ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದರೆ ಅಲ್ಲಿನವರು ಥಟ್ಟನೆ ಹೇಳುವ ಕಥೆ, ರೈತರ ಮಕ್ಕಳು ಹೊಲದ ಕೆಲಸಕ್ಕೆ ಹೋಗಬೇಕಿತ್ತು ಎಂಬುದು. ನಂಬಲು ಕಷ್ಟ. ಅಲ್ಲಿ ಬಿತ್ತನೆ ವಸಂತದಲ್ಲಿ, ಕೊಯ್ಲು ಶರತ್ಕಾಲದಲ್ಲಿ; ರಜೆ ಮಾತ್ರ ಎರಡರ ನಡುವೆ. ನಗರಗಳ ಸೆಕೆ, ಉಳ್ಳವರು ಬೇಸಿಗೆಯಲ್ಲಿ ಊರು ಬಿಡುವ ಅಭ್ಯಾಸ ಇವೇ ಹೆಚ್ಚು ನಿಜವಾದ ಕಾರಣಗಳಿರಬೇಕು. ಇದನ್ನು ಬದಲಿಸಲು ಹೊರಟವರೂ ಇದ್ದರು. 1892ರಲ್ಲಿ ಷಿಕಾಗೋ ವಿಶ್ವವಿದ್ಯಾಲಯ ಬಾಗಿಲು ತೆರೆದಾಗ ಅದರ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ವರ್ಷವನ್ನು ನಾಲ್ಕು ಕ್ವಾರ್ಟರ್ ಮಾಡಿ, ಬೇಸಿಗೆಯನ್ನೂ ಉಳಿದ ಮೂರರ ಸಮಕ್ಕೆ ತಂದರು. ಕ್ವಾರ್ಟರ್ ಎಂಬ ಪದ್ಧತಿ ಹಲವೆಡೆ ಉಳಿಯಿತು, ಬೇಸಿಗೆಗೆ ಆ ಸ್ಥಾನ ಮಾತ್ರ ದಕ್ಕಲಿಲ್ಲ.

ಬೇಸಿಗೆಗೆ ದುಡ್ಡು ಬಂದದ್ದು ಎರಡನೇ ಮಹಾಯುದ್ಧದ ನಂತರ. 1950ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಸೈನ್ಸ್ ಫೌಂಡೇಶನ್, ಅಂದರೆ ಎನ್‌ಎಸ್‌ಎಫ್, ಸಂಶೋಧನೆಗೆ ಅನುದಾನ ಕೊಡುವಾಗ ಪ್ರೊಫೆಸರ್‌ನ ಬೇಸಿಗೆ ಸಂಬಳವನ್ನೂ ಸೇರಿಸಿ ಕೊಡುತ್ತದೆ. ಅಲ್ಲೊಂದು ಚೆಂದದ ತರ್ಕ ಇದೆ. ಸಂಶೋಧನೆ ಅಧ್ಯಾಪಕರ ಮಾಮೂಲು ಕೆಲಸವೇ, ಅದಕ್ಕೆ ಅವರ ಸಂಸ್ಥೆ ಆಗಲೇ ಸಂಬಳ ಕೊಡುತ್ತಿದೆ. ಹಾಗಾಗಿ ಎಲ್ಲ ಎನ್‌ಎಸ್‌ಎಫ್ ಅನುದಾನಗಳನ್ನೂ ಸೇರಿಸಿ ಒಬ್ಬರಿಗೆ ವರ್ಷಕ್ಕೆ ಸಾಮಾನ್ಯವಾಗಿ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು ಕೊಡುವುದಿಲ್ಲ. ಮೊದಲು ಇದನ್ನು ‘ಎರಡು-ಒಂಬತ್ತಾಂಶ’ ನಿಯಮ ಎನ್ನುತ್ತಿದ್ದರು, ಬೇಸಿಗೆಗೆ ಮಾತ್ರ ಅನ್ವಯ. 2009ರಿಂದ ಆ ಎರಡು ತಿಂಗಳನ್ನು ವರ್ಷದ ಯಾವ ಭಾಗದಲ್ಲಾದರೂ ತೆಗೆದುಕೊಳ್ಳಬಹುದು. ನಿಮ್ಮ ಮಗಳ ಲೆಕ್ಕದಲ್ಲಿ ಒಂದು ಬೇಸಿಗೆ ತಿಂಗಳೆಂದರೆ 90,000ದ ಒಂಬತ್ತನೇ ಒಂದು ಭಾಗ, 10,000. ಎರಡು ತಿಂಗಳ ಅನುದಾನ ಸಿಕ್ಕರೆ ವರ್ಷದ ಗಳಿಕೆ 1,10,000. ಬೇರೆ ಮೂಲವೊಂದು ಸೇರಿ ಮೂರು ತಿಂಗಳೂ ತುಂಬಿದರೆ 1,20,000.

ಅನುದಾನಕ್ಕೆ ಅರ್ಜಿ ಹಾಕಿದ ತಕ್ಷಣ ಯಾರೂ ಕೊಡುವುದಿಲ್ಲ. ಮೊದಲ ಅರ್ಜಿಗಳು ತಿರಸ್ಕಾರವಾಗುವುದೇ ಹೆಚ್ಚು. ಅದಕ್ಕಾಗಿ ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳು ಹೊಸಬರಿಗೆ ಕೊಡುವ ‘ಸ್ಟಾರ್ಟ್‌ಅಪ್’ ಹಣದಲ್ಲಿ ಮೊದಲ ಒಂದೆರಡು ಬೇಸಿಗೆಯ ಸಂಬಳವನ್ನೂ ಸೇರಿಸುವ ರೂಢಿ ಇದೆ. ನಿಮ್ಮ ಮಗಳ ಆಫರ್ ಲೆಟರ್‌ನಲ್ಲಿ ಅಂಥ ಸಾಲು ಇದೆಯೇ ನೋಡಲು ಹೇಳಿ. ಇಂಗ್ಲಿಷ್, ಇತಿಹಾಸ, ತತ್ತ್ವಶಾಸ್ತ್ರದವರಿಗೆ ಈ ಭಾಗ್ಯ ಅಪರೂಪ. ಅವರು ಬೇಸಿಗೆಯಲ್ಲಿ ಒಂದೋ ಎರಡೋ ಕೋರ್ಸು ಪಾಠ ಮಾಡಿ ಸಂಪಾದಿಸುತ್ತಾರೆ, ಅದೂ ಸಾಕಷ್ಟು ವಿದ್ಯಾರ್ಥಿಗಳು ಹೆಸರು ಹಚ್ಚಿದರೆ. ಇಲ್ಲವಾದರೆ ಕೋರ್ಸು ರದ್ದು. ಒಂದೇ ವಿಶ್ವವಿದ್ಯಾಲಯದಲ್ಲಿ ಒಂದೇ ಬಗೆಯ ಕರಾರಿಗೆ ಸಹಿ ಹಾಕಿದ ಇಬ್ಬರಲ್ಲಿ ಕಂಪ್ಯೂಟರ್ ಸೈನ್ಸ್‌ನವರ ವರ್ಷ ಹನ್ನೊಂದು ತಿಂಗಳದ್ದಾಗುತ್ತದೆ, ಸಂಸ್ಕೃತ ಕಲಿಸುವವರದು ಒಂಬತ್ತಕ್ಕೇ ನಿಲ್ಲುತ್ತದೆ.

ನಿಮ್ಮ ಮನೆಯವರ ಪ್ರಶ್ನೆಗೆ ಈಗ ಉತ್ತರಿಸಬಹುದು. ಬರಬಹುದು. ಆದರೆ ಊರಿನಲ್ಲಿ ಕಳೆಯುವ ತಿಂಗಳ ಸಂಬಳವನ್ನು ಅನುದಾನದಿಂದ ತೆಗೆದುಕೊಳ್ಳುವ ಹಾಗಿಲ್ಲ. ಬೇಸಿಗೆ ಹತ್ತಿರವಾಗುತ್ತಿದ್ದಂತೆ ವಿಭಾಗದ ಕಚೇರಿಯಿಂದ ಒಂದು ಫಾರಂ ಬರುತ್ತದೆ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಅನುದಾನದ ಖಾತೆಯಿಂದ, ಶೇಕಡಾ ಎಷ್ಟು ಸಮಯ. ಜೂನ್ 1ರಿಂದ 30ರವರೆಗೆ ಪೂರ್ತಿ ಸಮಯ ಎಂದು ಬರೆದರೆ ಅಷ್ಟೂ ದಿನ ಆ ಯೋಜನೆಯ ಕೆಲಸವನ್ನೇ ಮಾಡಿದ್ದೇನೆಂದು ಆಮೇಲೆ ದೃಢೀಕರಿಸಬೇಕು. ಫೆಡರಲ್ ಸರ್ಕಾರದ ಹಣ, ಆಡಿಟ್ ಇದೆ. ಆ ತಿಂಗಳು ದಾವಣಗೆರೆಯಲ್ಲಿ ಮದುವೆ ಓಡಾಟದಲ್ಲಿ ಕಳೆದರೆ ಅದು ಸುಳ್ಳು ಲೆಕ್ಕ. ಇನ್ನೊಂದು ಅನುದಾನಕ್ಕೆ ಅರ್ಜಿ ಬರೆಯುವ ಸಮಯವನ್ನೂ ಈ ಲೆಕ್ಕಕ್ಕೆ ಹಚ್ಚುವಂತಿಲ್ಲ. ಮೂರು ತಿಂಗಳು ಪೂರ್ತಿ ತೆಗೆದುಕೊಂಡವರಿಗೆ ರಜೆಗೂ ಅರ್ಜಿಗೂ ಒಂದು ದಿನವೂ ಉಳಿಯುವುದಿಲ್ಲವೆಂದು ಎರಡೂವರೆ ತಿಂಗಳಿಗೇ ಮಿತಿ ಹಾಕಿರುವ ವಿಶ್ವವಿದ್ಯಾಲಯಗಳಿವೆ. ಒಂದು ತಿಂಗಳು ಸಂಬಳ ಬಿಟ್ಟು ಊರಿಗೆ ಬರುವುದು, ಎರಡು ತಿಂಗಳು ಅನುದಾನದ ಮೇಲೆ ದುಡಿಯುವುದು. ಬಹಳಷ್ಟು ಜನ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಮೊದಲ ವರ್ಷ ಮಾತ್ರ ಪ್ರಯಾಣಕ್ಕೆ ಮುಂಚೆ ವೀಸಾ ವಿಚಾರ ನೋಡಿಕೊಳ್ಳಲಿ. ವಿದ್ಯಾರ್ಥಿ ವೀಸಾದಿಂದ ಅಲ್ಲಿದ್ದುಕೊಂಡೇ ಎಚ್‌-1ಬಿಗೆ ಬದಲಾದವರು ದೇಶ ಬಿಟ್ಟು ಹೊರಬಂದರೆ, ಮರಳುವ ಮೊದಲು ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಮುದ್ರೆ ಹಾಕಿಸಿಕೊಳ್ಳಬೇಕು. ಆ ಸಂದರ್ಶನದ ದಿನ ಸಿಗುವುದು ತಡವಾದರೆ ಆಗಸ್ಟ್ ಮಧ್ಯಕ್ಕೆ ಕೆಲಸಕ್ಕೆ ಹಾಜರಾಗುವುದು ಕಷ್ಟ.

ಹಾಗೆಯೇ, ‘ಮೂರು ತಿಂಗಳು ಬಿಡುವಿದೆ, ಯಾವುದಾದರೂ ಕಂಪನಿಯಲ್ಲಿ ಕೆಲಸ ಮಾಡಲಿ’ ಎನ್ನುವ ಸಲಹೆಯನ್ನು ನೀವು ಕೊಡಬೇಡಿ. ಅಮೆರಿಕನ್ ಸಹೋದ್ಯೋಗಿಗಳು ಹಾಗೆ ಮಾಡುತ್ತಾರೆ. ಎಚ್‌-1ಬಿಯಲ್ಲಿರುವವರು ಇನ್ನೊಬ್ಬ ಉದ್ಯೋಗದಾತರ ಬಳಿ ದುಡಿಯಬೇಕಾದರೆ ಆ ಉದ್ಯೋಗದಾತರು ಪ್ರತ್ಯೇಕ ಅರ್ಜಿ ಹಾಕಬೇಕು. ಬೇಸಿಗೆ ಅವಳದು ಎಂದು ಕರಾರು ಹೇಳಿದರೂ ವೀಸಾ ಹಾಗೆ ಹೇಳುವುದಿಲ್ಲ.

ಇನ್ನು ಆ ಹುಡುಗನ ಹನ್ನೆರಡು ತಿಂಗಳ ವಿಷಯ. ಇಲ್ಲಿ ಬೇಸಿಗೆಯೂ ಸಂಸ್ಥೆಯದೇ. ಬದಲಿಗೆ ನಮ್ಮ ಕಡೆಯ ನೌಕರರ ಹಾಗೆ ರಜೆ ಜಮೆಯಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವರ್ಷಪೂರ್ತಿ ನೇಮಕದ ಅಧ್ಯಾಪಕರಿಗೆ ತಿಂಗಳಿಗೆ ಎರಡು ದಿನದಂತೆ ರಜೆ ಸೇರುತ್ತದೆ. ಒಂಬತ್ತು ತಿಂಗಳವರಿಗೆ ಅಂಥ ರಜೆಯೇ ಇಲ್ಲ, ಏಕೆಂದರೆ ಇಡೀ ಬೇಸಿಗೆ ಅವರ ಕೈಲಿದೆ ಎಂಬ ಲೆಕ್ಕ. ಡೀನ್‌ಗಳು, ಗ್ರಂಥಪಾಲಕರು, ರೋಗಿಗಳನ್ನು ನೋಡುವ ವೈದ್ಯ ಪ್ರಾಧ್ಯಾಪಕರು ಸಾಮಾನ್ಯವಾಗಿ ಹನ್ನೆರಡು ತಿಂಗಳವರು. ಕೃಷಿ ವಿಭಾಗಗಳಲ್ಲೂ ಇಂಥವರು ಬಹಳ. ಅದಕ್ಕೆ ಹಳೆಯ ಕಾರಣವಿದೆ. 1862ರ ಮೊರಿಲ್ ಕಾಯ್ದೆಯಿಂದ ಹುಟ್ಟಿದ ‘ಲ್ಯಾಂಡ್ ಗ್ರಾಂಟ್’ ವಿಶ್ವವಿದ್ಯಾಲಯಗಳಿಗೆ 1887ರಲ್ಲಿ ಪ್ರಯೋಗ ಕ್ಷೇತ್ರಗಳು, 1914ರಲ್ಲಿ ರೈತರ ಬಳಿಗೆ ಹೋಗುವ ವಿಸ್ತರಣಾ ಸೇವೆ ಸೇರಿದವು. ಜೋಳಕ್ಕೆ ಹುಳ ಬೀಳುವುದು ಜುಲೈಯಲ್ಲಿ. ಕೀಟಶಾಸ್ತ್ರದ ಪ್ರೊಫೆಸರ್ ಮೇ ತಿಂಗಳಲ್ಲಿ ಬಾಗಿಲು ಹಾಕಿಕೊಂಡು ಹೋದರೆ ಆದೀತೇ? ಈ ಮಾದರಿ ನಮ್ಮ ಹೆಬ್ಬಾಳಕ್ಕೂ ಬಂತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವನ್ನು ಲ್ಯಾಂಡ್ ಗ್ರಾಂಟ್ ಅಚ್ಚಿನಲ್ಲಿ ಕಟ್ಟಿದಾಗ ನೆರವಿಗೆ ನಿಂತದ್ದು ಟೆನೆಸ್ಸೀ ವಿಶ್ವವಿದ್ಯಾಲಯ. ಆ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಪಾಠ ಮಾಡುವ ನಿಮ್ಮ ಪರಿಚಯದವರು ಯಾರಾದರೂ ಇದ್ದರೆ, ಡಿಗ್ರಿ ಕಾಲೇಜಿನವರ ಹಾಗೆ ಬೇಸಿಗೆ ರಜೆ ಸಿಗುತ್ತದೆಯೇ ಎಂದು ಕೇಳಿ ನೋಡಿ. ನಗುತ್ತಾರೆ.

ಎರಡು ಸಂಬಳಗಳನ್ನು ಹೋಲಿಸುವುದು ಹೇಗೆ? ಎಎಯುಪಿ ತನ್ನ ವಾರ್ಷಿಕ ಸಂಬಳ ಸಮೀಕ್ಷೆಯಲ್ಲಿ ಹನ್ನೆರಡು ತಿಂಗಳ ಸಂಬಳವನ್ನು ಒಂಬತ್ತಕ್ಕೆ ಇಳಿಸುವಾಗ ಹನ್ನೆರಡರಿಂದ ಭಾಗಿಸುವುದಿಲ್ಲ, ಹನ್ನೊಂದರಿಂದ ಭಾಗಿಸಿ ಒಂಬತ್ತರಿಂದ ಗುಣಿಸುತ್ತದೆ. ಒಂದು ತಿಂಗಳು ಹೇಗೂ ರಜೆ ಎಂಬ ಎಣಿಕೆ. ಹಾಗೆ ನೋಡಿದರೆ ಹುಡುಗನ 1,05,000 ಒಂಬತ್ತು ತಿಂಗಳ ಲೆಕ್ಕದಲ್ಲಿ ಸುಮಾರು 85,900. ತಿರುಗಿಸಿದರೆ ನಿಮ್ಮ ಮಗಳ 90,000 ವರ್ಷದ ಲೆಕ್ಕದಲ್ಲಿ 1,10,000ಕ್ಕೆ ಸಮ. ನೋಟಕ್ಕೆ ಅವನದು ದೊಡ್ಡದು, ತೂಕಕ್ಕೆ ಇವಳದು. ಆದರೆ ಒಂದು ವ್ಯತ್ಯಾಸ: ಅವನ ಮೊತ್ತ ಆಫರ್ ಲೆಟರ್‌ನಲ್ಲೇ ಇದೆ. ಇವಳ ಆ ಮೇಲಿನ 20,000 ಅವಳು ಗಳಿಸಿಕೊಂಡರೆ ಉಂಟು.

ಹಾಗೆಂದು ಅವನದು ಭದ್ರ ಎಂದುಕೊಳ್ಳುವ ಮೊದಲು ಇನ್ನೊಂದು ವಿಷಯ ತಿಳಿಯಬೇಕು. ಹಲವು ಮೆಡಿಕಲ್ ಕಾಲೇಜುಗಳಲ್ಲಿ ಹನ್ನೆರಡು ತಿಂಗಳ ಸಂಬಳ ಎಂದು ಬರೆದಿದ್ದರೂ, ಮೊದಲ ಕೆಲವು ವರ್ಷದ ನಂತರ ಅದರ ದೊಡ್ಡ ಪಾಲನ್ನು ಅಧ್ಯಾಪಕರೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನಂಥ ಕಡೆಯಿಂದ ಅನುದಾನವಾಗಿ ತರಬೇಕೆಂಬ ನಿರೀಕ್ಷೆ ಇರುತ್ತದೆ. ಅದನ್ನು ಅಲ್ಲಿನವರು ‘ಸಾಫ್ಟ್ ಮನಿ’ ಎನ್ನುತ್ತಾರೆ. 2025ರಲ್ಲಿ ಫೆಡರಲ್ ಸರ್ಕಾರ ನಡೆಯುತ್ತಿದ್ದ ಅನೇಕ ಅನುದಾನಗಳನ್ನು ಅರ್ಧದಲ್ಲೇ ರದ್ದು ಮಾಡಿತು. ಇಂಥ ಹೊತ್ತಿನಲ್ಲಿ ಒಂಬತ್ತು ತಿಂಗಳ ಪ್ರೊಫೆಸರ್ ಕಳೆದುಕೊಳ್ಳುವುದು ಬೇಸಿಗೆ ಸಂಬಳವನ್ನು. ಒಂಬತ್ತು ತಿಂಗಳದ್ದು ವಿಶ್ವವಿದ್ಯಾಲಯದ ಗಂಟಿನಿಂದ ಬರುತ್ತಲೇ ಇರುತ್ತದೆ. ಸಾಫ್ಟ್ ಮನಿಯವನಿಗೆ ಹನ್ನೆರಡು ತಿಂಗಳೂ ಅಲುಗಾಡುತ್ತವೆ. ಆ ಹುಡುಗ ಕೇಳಬೇಕಾದ ಪ್ರಶ್ನೆ ಒಂದೇ: ನಾಲ್ಕನೇ ವರ್ಷದ ಹೊತ್ತಿಗೆ ನನ್ನ ಸಂಬಳದಲ್ಲಿ ಶೇಕಡಾ ಎಷ್ಟನ್ನು ನಾನೇ ತರಬೇಕು?

ಕೆನಡಾದಲ್ಲಿ ಈ ಗೊಂದಲವೇ ಇಲ್ಲ. ಅಲ್ಲಿ ಸಂಬಳ ವರ್ಷದ್ದು, ಸುಮಾರು ಒಂದು ತಿಂಗಳ ರಜೆ, ಮತ್ತು ಸಂಶೋಧನಾ ಅನುದಾನದಿಂದ ಪ್ರೊಫೆಸರ್ ತನಗೆ ಸಂಬಳ ತೆಗೆದುಕೊಳ್ಳುವಂತೆಯೇ ಇಲ್ಲ.

ನಮ್ಮಲ್ಲಿಯ ಪದ್ಧತಿ ಇವೆರಡಕ್ಕೂ ಬೇರೆ. ಡಿಗ್ರಿ ಕಾಲೇಜಿನ ಕಾಯಂ ಅಧ್ಯಾಪಕರಿಗೆ ಸಂಬಳ ಹನ್ನೆರಡು ತಿಂಗಳದ್ದು, ರಜೆಯೂ ಉಂಟು. ಅದಕ್ಕೆ ಪ್ರತಿಯಾಗಿ ಗಳಿಕೆ ರಜೆ ಕಡಿಮೆ. ರಜೆಯಲ್ಲಿ ಮೌಲ್ಯಮಾಪನಕ್ಕೋ ಇನ್ನಾವುದಕ್ಕೋ ಕರೆದರೆ, ಹಾಗೆ ದುಡಿದ ಅವಧಿಯ ಮೂರನೇ ಒಂದು ಭಾಗವನ್ನು ಗಳಿಕೆ ರಜೆಯಾಗಿ ಕೊಡಬೇಕು ಎನ್ನುತ್ತದೆ ಯುಜಿಸಿಯ 2018ರ ನಿಯಮ. ಒಂಬತ್ತು ತಿಂಗಳ ಕರಾರಿನ ನಿಜವಾದ ನೆಂಟರು ನಮ್ಮಲ್ಲಿ ಬೇರೆ ಇದ್ದಾರೆ: ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು. ಪಾಠವಿರುವ ತಿಂಗಳಿಗಷ್ಟೇ ಗೌರವಧನ, ರಜೆಗೆ ಇಲ್ಲ. 2022ರ ಜನವರಿಯಲ್ಲಿ ಅದನ್ನು 11,000–13,000 ರೂಪಾಯಿಯಿಂದ, ಅರ್ಹತೆ ಮತ್ತು ಅನುಭವ ನೋಡಿ 26,000ದಿಂದ 32,000ದವರೆಗೆ ಏರಿಸಿದರು. ವಾರದ ಪಾಠದ ಗಂಟೆಗಳೂ ಜೊತೆಗೇ ಏರಿದವು. ಬೇಸಿಗೆ ಮಾತ್ರ ಬರಿಗೈಯೇ. ಅಮೆರಿಕದಲ್ಲಿ ಇವರಿಗೆ ಸಮಾನರು ‘ಅಡ್ಜಂಕ್ಟ್’ಗಳು, ಕೋರ್ಸಿಗಿಷ್ಟು ಎಂದು ದುಡ್ಡು ಪಡೆದು ಪಾಠ ಮಾಡುವವರು. ಮುಂದಿನ ಸೆಮಿಸ್ಟರ್‌ಗೆ ಕರೆಯುವ ಭರವಸೆ ಇರುವ ಅಧ್ಯಾಪಕರಿಗೆ ಅಲ್ಲಿ ಬೇಸಿಗೆಯಲ್ಲಿ ನಿರುದ್ಯೋಗ ಭತ್ಯೆ ಇಲ್ಲ. ಸಾಕಷ್ಟು ವಿದ್ಯಾರ್ಥಿಗಳು ಸೇರಿದರೆ ಮಾತ್ರ ಕೆಲಸ ಎನ್ನುವುದು ಭರವಸೆಯೇ ಅಲ್ಲ, ಅಡ್ಜಂಕ್ಟ್‌ಗಳಿಗೆ ಭತ್ಯೆ ಕೊಡಿ ಎಂದು ಕ್ಯಾಲಿಫೋರ್ನಿಯಾದ ನ್ಯಾಯಾಲಯ 1989ರಲ್ಲಿ ಸರ್ವೀಸಿ ಪ್ರಕರಣದಲ್ಲಿ ಹೇಳಬೇಕಾಯಿತು. ಟೆನ್ಯೂರ್ ದಾರಿಯವರಿಗೆ ಸ್ವಾತಂತ್ರ್ಯವಾಗಿ ಕಾಣುವ ಮೂರು ತಿಂಗಳು ಅಡ್ಜಂಕ್ಟ್‌ಗಳಿಗೆ ಉಪವಾಸದ ತಿಂಗಳು.

ನನ್ನನ್ನು ಕೇಳಿದರೆ, ಬರೆಯುವ, ಪ್ರಯೋಗ ಮಾಡುವ ಹಂಬಲವಿರುವ ಕಿರಿಯರಿಗೆ ಒಂಬತ್ತು ತಿಂಗಳ ಕರಾರೇ ಒಳ್ಳೆಯದು. ವರ್ಷಕ್ಕೆ ಮೂರು ತಿಂಗಳು ಯಾರ ಸಭೆಗೂ ಹೋಗದೆ ಇರಬಹುದೆಂಬ ಹಕ್ಕು ಕಾಗದದ ಮೇಲಿರುವುದು ಸಣ್ಣ ಮಾತಲ್ಲ. ಅವಳು ಸಹಿ ಹಾಕುವ ಮುನ್ನ ಕೆಲವನ್ನು ಮಾತ್ರ ಬರಹದಲ್ಲಿ ಪಡೆಯಲಿ. ಸ್ಟಾರ್ಟ್‌ಅಪ್‌ನಲ್ಲಿ ಬೇಸಿಗೆ ಸಂಬಳ ಎಷ್ಟು ತಿಂಗಳದ್ದು, ಎಷ್ಟು ವರ್ಷದೊಳಗೆ ಬಳಸಬೇಕು. ಎರಡನೇ ವರ್ಷಕ್ಕೆ ಮುಗಿಯುವುದನ್ನು ಮೂರನೇ ವರ್ಷಕ್ಕೆ ಮುಂದೂಡಿಸಿಕೊಂಡರೆ ಅಷ್ಟರಲ್ಲಿ ಅನುದಾನ ಬಂದಿದ್ದರೂ ಬಂದಿರಬಹುದು. ಬೇಸಿಗೆ ಸಂಬಳದ ಮೇಲೂ ವಿಶ್ವವಿದ್ಯಾಲಯ ನಿವೃತ್ತಿ ನಿಧಿಗೆ ತನ್ನ ಪಾಲು ಹಾಕುತ್ತದೆಯೇ ಎಂಬುದು ಒಂದೊಂದು ಕಡೆ ಒಂದೊಂದು ಥರ, ಅದನ್ನೂ ಕೇಳಲಿ. ಆಗಸ್ಟ್ ಮಧ್ಯದಲ್ಲಿ ಸೇರಿದವರಿಗೆ ಮೊದಲ ಸಂಬಳ ಯಾವ ತಾರೀಖಿಗೆ ಎನ್ನುವುದನ್ನು ಎಲ್ಲರೂ ಮರೆಯುತ್ತಾರೆ. ಕೆಲವೆಡೆ ಅದು ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ 1ಕ್ಕೋ ಬರುತ್ತದೆ. ಅಷ್ಟರೊಳಗೆ ಮನೆಯ ಅಡ್ವಾನ್ಸ್, ಮೊದಲ ಬಾಡಿಗೆ, ಓಡಾಡಲು ಕಾರು ಎಲ್ಲ ಆಗಬೇಕು. ಆ ಆರೇಳು ವಾರಕ್ಕೆ ಅವಳ ಕೈಲಿ ಹಣ ಇದೆಯೇ ಎಂದು ನೀವು ಈಗಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.